ನೀರಿಗೆ ಎದ್ದ ಟೈಲ್ಸ್

ಹಡಪಸರದ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿಯುತ್ತಿದ್ದವಳು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಕೆಲಸದವರು ಬೇಡವೆಂದು ಹಟ ಹಿಡಿದು, ಸೊಂಟನೋವು ತಂದುಕೊಂಡು ನನ್ನ ಯಜಮಾನರೇ ಅಂಟಿಸಿದ್ದ ವಿನೈಲ್ ಟೈಲ್ಸ್ ನೀರಿನಲ್ಲಿ ಅಂಚು ಮೇಲೆತ್ತಿಕೊಂಡು ಏಳುತ್ತಿದ್ದವು. ಮರುದಿನ ಬೆಳಗ್ಗೆ ಅಲ್ಲೇ ನನ್ನ ನರ್ಸರಿ ಕ್ಲಾಸ್ ಶುರುವಾಗಬೇಕಿತ್ತು. ನಡುವೆ ಸೀರೆ ಎತ್ತಿ ಕಟ್ಟಿ, ಖಾಲಿ ಬಕೆಟ್ ಹಿಡಿದು ನಿಂತವರು ಧಾರವಾಡದಿಂದ ಬಂದಿದ್ದ ಇವರ ಅಕ್ಕ.

“ಅಕ್ಕಾ, ಇದು ಕಲ್ಲಿನ ಫರಶಿ ಅಲ್ಲ! ಗೋಂದು ಇನ್ನೂ ಹಸೀ ಅದ!” ಎಂದು ನನ್ನ ಹಿಂದಿನಿಂದ ಇವರು ಕೂಗಿದರು.

“ಹೊಸಾ ನೆಲ ತೊಳೀಲಾರದ ಯಾರರ ತುಳೀತಾರೇನೋ?” ಎಂದ ಅಕ್ಕ ನನ್ನತ್ತ ತಿರುಗಿದರು. “ಏನವಾ, ಕಾನ್ವೆಂಟಿನ್ಯಾಗ ಇಷ್ಟೂ ಕಲಿಸಲಿಲ್ಲೇನು ನಿನಗ?”

ಕಾನ್ವೆಂಟಿನಲ್ಲಿ ಪೇಶೆನ್ಸ್ ಕಲಿಸಿದ್ದರು. ಅವತ್ತು ಅದೂ ಖರ್ಚಾಯಿತು. ಮೈ ಗಾಡ್, ಎಷ್ಟು ಕೂಗಾಡಿದೆನೋ! ಟೈಲ್ಸ್ ಎಲ್ಲ ಕಿತ್ತೆವು. ಮರುದಿನ ಮಕ್ಕಳು ಬರೀ ಸಿಮೆಂಟಿನ ಮೇಲೆ ಜಮಖಾನ ಹಾಸಿ ಕೂತರು. ಅಕ್ಕ ಮಾತ್ರ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ಕಾಲನ್ನೂ ತೊಳೆದೇ ಒಳಗೆ ಬಿಟ್ಟರು.

ಅಕ್ಕ ತೀರಿಹೋಗಿ ವರ್ಷಗಳಾದವು. ಈಗಲೂ ಹೊಳೆಯುವ ಹೊಸ ನೆಲ ಕಂಡರೆ, ಮಾಲ್ ಆಗಲಿ, ಮಗಳ ಫ್ಲ್ಯಾಟ್ ಆಗಲಿ, ಯಾರಾದರೂ ತೊಳೆದಿದ್ದಾರೋ ಇಲ್ಲವೋ ಎಂದು ನನ್ನ ಕಾಲು ಬಾಗಿಲಲ್ಲೇ ನಿಲ್ಲುತ್ತದೆ. ವಾಟ್ ಎ ನ್ಯೂಸೆನ್ಸ್!