ಹಿರಿಯಳಿಗೆ ಮೊದಲು
ನಮ್ಮ ಬೀದಿಯ ಹೊಲಿಗೆಯಕ್ಕನನ್ನು ನಾನು ಮೊದಲು ಕಂಡ ದಿನ, ಅವರು ಹಳೆಯ ಹೊದಿಕೆಯೊಂದನ್ನು ಎರಡಾಗಿ ಕತ್ತರಿಸುತ್ತಿದ್ದರು. ಮನೆಯಲ್ಲಿ ಆಗಲೇ ಒಂದು ಹೆಣ್ಣುನಾಯಿ ಇತ್ತು. ಚರಂಡಿಯ ಪಕ್ಕ ಸಿಕ್ಕ ಇನ್ನೊಂದು ಹೆಣ್ಣುನಾಯಿ ಅಂದು ಹಿಂದಿನ ಕೋಣೆ ಸೇರಿತ್ತು. "ಎರಡು ಹೆಣ್ಣು ಒಂದೇ ಮನೇಲಾ? ಕಚ್ಚಾಡಿ ಸಾಯ್ತವೆ, ಬಿಟ್ಟು ಬಾ," ಎಂದು ಗಂಡ ಗದರಿದರು. "ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೊಳ್ಳಿ. ಆಮೇಲೂ ಹೊಂದ್ಕೊಳ್ಳದಿದ್ರೆ ನಾನೇ ಅದನ್ನ ಬೇರೆಯವರಿಗೆ ಕೊಡ್ತೀನಿ," ಎಂದರು ಅಕ್ಕ. ಆ ತಿಂಗಳು ಅವರು ನಡೆಸಿದ ಶಿಸ್ತನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಯಾವ ತರಗತಿಯಲ್ಲೂ ಕಂಡವನಲ್ಲ. ಹೊದಿಕೆಯ ತುಂಡುಗಳನ್ನು ದಿನವೂ ಅದಲುಬದಲು ಹಾಸಿ, ಒಂದರ ವಾಸನೆಯನ್ನು ಇನ್ನೊಂದಕ್ಕೆ ರೂಢಿ ಮಾಡಿಸಿದರು. ಊಟವಿರಲಿ, ಮುದ್ದಿರಲಿ, ಬಾಗಿಲು ದಾಟುವುದೇ ಇರಲಿ, ಮನೆಯಲ್ಲಿ ಮೊದಲಿಂದ ಇದ್ದ ಹಿರಿಯಳಿಗೆ ಮೊದಲು. ಅದು ಗುರ್ ಎಂದರೆ ಸಾಕು, ಗಿರಾಕಿಯ ಅಳತೆಯನ್ನು ಅರ್ಧಕ್ಕೇ ಬಿಟ್ಟು, "ಆಯ್ತು ತಾಯಿ, ನೀನೇ ಯಜಮಾನಿ," ಎಂದು ಓಡುತ್ತಿದ್ದರು. ತಿಂಗಳು ತುಂಬುವ ಮೊದಲೇ ಎರಡೂ ಹೊಲಿಗೆ ಯಂತ್ರದ ಕೆಳಗೆ ಮೈಗೆ ಮೈ ತಾಗಿಸಿ ಮಲಗಿದ್ದವು. "ಇದೆಲ್ಲ ಎಲ್ಲಿ ಕಲಿತಿರಿ?" ಎಂದು ಬೆರಗಿನಿಂದ ಕೇಳಿದೆ. "ಇದೇ ಮನೇಲಿ, ಮೇಷ್ಟ್ರೇ. ನಾನು ಎರಡನೇ ಸೊಸೆ. ಬಂದ ದಿನ ನಮ್ಮತ್ತೆ ಪ್ರೀತಿಯಿಂದ ನನಗೇ ಮೊದಲು ಬಡಿಸಿಬಿಟ್ರು. ನನ್ನ ವಾರಗಿತ್ತಿ ಸಾಯೋವರೆಗೂ ನನ್ನ ಹತ್ರ ಮಾತಾಡ್ಲಿಲ್ಲ." ಈಗ ನಾಯಿಗಳಲ್ಲಿ ಹಿರಿಯಳಿಗೆ ಕಣ್ಣು ಕಾಣಿಸದು. ಅಕ್ಕ ಈಗಲೂ ಅದರ ಮೂಗಿನ ಬಳಿಯೇ ಮೊದಲ ಬಟ್ಟಲಿಟ್ಟು, ಎರಡನೆಯದನ್ನು ಆಚೆಗಿಟ್ಟು, ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಹಿರಿಯಳು ನೆಕ್ಕುವ ಸದ್ದು ಕೇಳಿಸುವವರೆಗೂ ಕಿರಿಯಳು ತನ್ನ ಬಟ್ಟಲಿಗೆ ಬಾಯಿ ಹಾಕುವುದಿಲ್ಲ.