ಸಾವ್ಕಾರರ ಬೋಟಿಗೆ ಹಾಕಿದ ಹಾರ

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ಅಣ್ಣನ ಗ್ಯಾರೇಜಿನಲ್ಲಿ ಕೈ ಕರ್ರಗೆ ಮಾಡಿಕೊಂಡು ಕಲಿತದ್ದೇ ನನ್ನನ್ನು ಇಲ್ಲಿವರೆಗೆ ಸಾಕಿದೆ. ಬೆಳಗಾವಿಯ ಕ್ಯಾಂಪಿನ ಹಿಂದಿನ ರಸ್ತೆಯಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟುವ ಗ್ಯಾರೇಜು ನಮ್ಮದು. ಅದರ ಬೆನ್ನಿಗೇ ಮನೆ. ನಾನು ಬಿಗಿದ ನಟ್ಟು ಸಡಿಲಾಗಿ ಲಾರಿ ದಾರಿಯಲ್ಲಿ ನಿಂತಿತು ಅಂತ ಯಾವ ಡ್ರೈವರನೂ ಬಂದು ಹೇಳಿದ್ದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಖಾನಾಪುರದಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲು ಇಟ್ಟಿದ್ದ ಸಾವ್ಕಾರರೊಬ್ಬರು ಒಂದು ದಿನ ಗ್ಯಾರೇಜಿಗೆ ಬಂದು ಕೂತರು.

"ಪಣಜಿಯಾಗ ಒಬ್ಬ ಗಣಿ ಮಾಲಕನ ಬೋಟ ನೋಡಿ ಬಂದೇನಿ. ಮೂತಿ ಎತ್ತಿಕೊಂಡು ನೀರ ಮ್ಯಾಲ ಹಾರತೈತಿ. ಅದನ್ನ ಹಿಂದ ಹಾಕೂವಂಥಾದ್ದು ನನಗ ಬೇಕು."

ಅಣ್ಣ ನಕ್ಕ. "ಸಾವ್ಕಾರ್ರ, ನಾವು ಲಾರಿ ಮಂದಿ. ನೀರಾಗ ಇಳದ್ರ ಮಣಕಾಲ ತನಕ ಅಷ್ಟ."

"ಎಂಜಿನ್ನಿಗೇನ ಗೊತ್ತಾಗತೈತೋ ಮಾರಾಯಾ, ಕೆಳಗ ರೋಡ್ ಐತೋ ನೀರ ಐತೋ?"

ಆ ಮಾತು ಅಣ್ಣನಿಗೆ ಹಿಡಿಸಿಬಿಟ್ಟಿತು. ಗೋವಾದಿಂದ ಒಬ್ಬ ಬಡಗಿ ಬಂದು ಸಾವ್ಕಾರರ ಮಿಲ್ಲಿನಲ್ಲೇ ಸಾಗವಾನಿಯ ಬೋಟು ಕಟ್ಟತೊಡಗಿದ. ನಾವು ಅಪಘಾತಕ್ಕೆ ಸಿಕ್ಕಿದ್ದ ಲಾರಿಯ ಎಂಜಿನ್ ತಂದು ಬಿಚ್ಚಿದೆವು. ಗೋವಾದ ಗಣಿಯೊಂದರ ಗುಜರಿಯಲ್ಲಿ ಅಣ್ಣನಿಗೆ ಒಂದು ಟರ್ಬೋ ಸಿಕ್ಕಿತು. ನೋಡಲು ದೊಡ್ಡ ಬಸವನಹುಳದ ಚಿಪ್ಪಿನ ಹಾಗೆ. ಎಂಜಿನ್ ಬಿಟ್ಟ ಹೊಗೆಯಿಂದಲೇ ಅದರ ಒಳಗಿನ ಚಕ್ರ ತಿರುಗುತ್ತದೆ. ತಿರುಗಿ, ಆ ಕಡೆಯ ಬಾಯಿಂದ ಗಾಳಿ ಎಳೆದು ಎಂಜಿನ್ನಿಗೆ ತುರುಕುತ್ತದೆ. ಅದರಿಂದಲೇ ಶಕ್ತಿ.

ಹೊಗೆಯ ಪೈಪು ಕೆಂಪಗೆ ಕಾಯುತ್ತದೆ, ಬೋಟೋ ಕಟ್ಟಿಗೆಯದು. ಪೈಪಿನ ಮೇಲೊಂದು ಪೈಪು ಹಾಕಿ ನಡುವೆ ಹೊಳೆಯ ನೀರು ಹರಿಸೋಣ ಅಂದ ಅಣ್ಣ. ನಮ್ಮ ವೆಲ್ಡರ್ ಚಾಚಾ ಅದನ್ನು ಕೂಡಿಸಿದರು. ಗಾಳಿ ಸೋಸುವ ಡಬ್ಬಿ ಮಾತ್ರ ಎಂಜಿನ್ನಿನ ಮುಚ್ಚಳದ ಕೆಳಗೆ ಹಿಡಿಸಲಿಲ್ಲ. "ತಗದ ಒಗಿ," ಅಂದ ಅಣ್ಣ. "ಹೊಳ್ಯಾಗ ಧೂಳ ಎಲ್ಲಿಂದ ಬರಬೇಕು?" ಟರ್ಬೋದ ಬಾಯಿ ತೆರೆದೇ ಉಳಿಯಿತು.

ಮಳೆಗಾಲದ ಒಂದು ಬೆಳಿಗ್ಗೆ ಚಹಾ ಕುಡಿದು ಎದ್ದ ಅಣ್ಣ ಅಲ್ಲೇ ಕುಸಿದ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ನಾನು ಅಳಲಿಲ್ಲ. ಹೆಗಲು ಕೊಟ್ಟೆ, ತಲೆ ಬೋಳಿಸಿಕೊಂಡೆ, ಬಂದವರಿಗೆ ಕುರ್ಚಿ ಹಾಕಿದೆ. ದಿನಕರ್ಮ ಮುಗಿದ ಮರುದಿನ ಗ್ಯಾರೇಜಿನ ಬಾಗಿಲು ತೆಗೆದೆ. ನಟ್ಟು ಬಿಗಿಯುವ ಪಾನಾ ಹಿಡಿದರೆ ತಣ್ಣಗಿದೆ ಅಂತ ಕೈಗೆ ತಿಳಿಯುತ್ತಿತ್ತು, ಅದಕ್ಕಿಂತ ಹೆಚ್ಚು ಏನೂ ತಿಳಿಯುತ್ತಿರಲಿಲ್ಲ. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಅಂತ ವೈನಿ ಕೇಳಿದರೆ ಇನ್ನೊಂದು ತುತ್ತು ತಿಂದು ಹೇಳಬೇಕಾಗುತ್ತಿತ್ತು.

ವೈನಿ ಅಂದರೆ ಅಣ್ಣನ ಹೆಂಡತಿ. ನಮ್ಮ ಗ್ಯಾರೇಜಿನಲ್ಲಿ ಒಂದು ರಿವಾಜಿತ್ತು. ಯಾವ ಎಂಜಿನ್ ಕಟ್ಟಿದರೂ ಮೊದಲ ಸಲ ಚಾಲೂ ಮಾಡುವ ಮುಂಚೆ ವೈನಿ ಬಂದು ಕುಂಕುಮ ಹಚ್ಚಿ ಹಾರ ಹಾಕಬೇಕು. ಮದುವೆಯಾಗಿ ಬಂದ ವರ್ಷದಿಂದ ಅದು ಅವರದೇ ಕೆಲಸ. ಅಣ್ಣ ಹೋದ ಮೇಲೆ ಅವರು ಗ್ಯಾರೇಜಿನ ಹೊಸ್ತಿಲು ದಾಟುವುದನ್ನೇ ಬಿಟ್ಟರು. ನಡುವಿನ ಬಾಗಿಲಲ್ಲಿ ನಿಂತು ಚಹಾದ ಕಪ್ಪು ಚಾಚುತ್ತಿದ್ದರು. ಎಂಜಿನ್‌ಗಳು ಹಾರವಿಲ್ಲದೆ ಚಾಲೂ ಆಗಿ ಹೋಗುತ್ತಿದ್ದವು.

ದಸರೆಯ ಹೊತ್ತಿಗೆ ಬೋಟು ಸಿದ್ಧವಾಯಿತು. ಖಂಡೇನವಮಿಗೆ, ಆಯುಧಪೂಜೆಯ ದಿನವೇ ನೀರಿಗೆ ಇಳಿಸೋಣ ಅಂದರು ಸಾವ್ಕಾರರು. ನಾನು ವೈನಿಯ ಹತ್ತಿರ ಹೋಗಿ, "ಹಾರ ನೀವs ಹಾಕಬೇಕ್ರಿ," ಅಂದೆ.

"ಮಂದಿ ಸುಮ್ಮನಿರತಾರೇನು?"

"ನೀವು ಬರದಿದ್ರ ನಾ ಚಾಲೂ ಮಾಡಂಗಿಲ್ಲ. ಬೋಟ ಅಲ್ಲೇ ಕೊಳೀಲಿ."

ಅವರು ಬಹಳ ಹೊತ್ತು ಅಕ್ಕಿ ಆರಿಸುತ್ತಾ ಕೂತರು. ಆಮೇಲೆ, "ಚೆಂಡುಹೂವು ತಾ," ಅಂದರು.

ಮಲಪ್ರಭೆ ತಿಳಿಯಾಗಿ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಮಿಲ್ಲಿನ ಮಂದಿ, ಸಾವ್ಕಾರರ ಮನೆಯವರು ಸೇರಿದ್ದರು. ಲಿಂಬೆಹಣ್ಣು ತಂದವನಿಗೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೋಟಿಗೆ ಗಾಲಿ ಎಲ್ಲಿ?

"ಹಿಂದಿನ ಪಂಖಾಕ್ಕ ಕಟ್ರಿ," ಅಂದರು ಚಾಚಾ. "ಹೊಳಿ ಎಲ್ಲಾ ಶರಬತ್ತ ಆಗತೈತಿ."

ವೈನಿ ಹಾರ ಹಿಡಿದು ಮುಂದೆ ಬಂದಾಗ ನಗು ನಿಂತಿತು. ಸಾವ್ಕಾರರು ನನ್ನನ್ನು ಬಾಜೂಕ್ಕೆ ಕರೆದರು. "ತಪ್ಪ ತಿಳೀಬ್ಯಾಡ. ನಮ್ಮ ಮನ್ಯಾಗಿನವರೂ ಬಂದಾರ, ಅವರು ಹಾಕ್ಲಿ."

"ನಮ್ಮ ಗ್ಯಾರೇಜಿನ ಎಂಜಿನ್ ಸಾವ್ಕಾರ್ರ. ನಮ್ಮ ವೈನೀನs ಹಾಕತಾರ."

ಅವರು ಹಿಂದೆ ಸರಿದು ನಿಂತರು. ಲಾರಿಯಾದರೆ ಹಾರ ಹಾಕಲು ಮುಂದೆ ಜಾಗವಿರುತ್ತದೆ. ಇಲ್ಲಿ ಮುಚ್ಚಳ ತೆಗೆದರೆ ಕೊರಳಿನ ಹಾಗೆ ಕಾಣುವುದು ಒಂದೇ, ಟರ್ಬೋದ ಬಾಯಿ. ವೈನಿ ಕುಂಕುಮ ಹಚ್ಚಿ ಅದಕ್ಕೇ ಹಾರ ಹಾಕಿದರು. ನಾನು ನೋಡಿದೆ, ಚಾಚಾ ನೋಡಿದರು. ನಾವು ಕಂಡ ಎಂಜಿನ್‌ಗಳೆಲ್ಲ ಡಬ್ಬಿಯೊಳಗಿಂದ ಉಸಿರಾಡುವಂಥವು. ಹಾರವನ್ನು ಎಂಜಿನ್ ನುಂಗಬಹುದೆಂದು ಯಾರ ತಲೆಗೂ ಬರಲಿಲ್ಲ.

ಚಾಲೂ ಮಾಡಿದೆ. ನಿಂತಲ್ಲೇ ಗುರುಗುಟ್ಟುವಾಗ ಹೂವು ಸುಮ್ಮನೆ ನಡುಗುತ್ತಿತ್ತು. ಮುಚ್ಚಳ ಹಾಕಿ, ಸಾವ್ಕಾರರನ್ನು ಕೂರಿಸಿಕೊಂಡು ಹೊಳೆಯ ನಡುವಿಗೆ ಒಯ್ದು ಪೂರಾ ರೇಸ್ ಕೊಟ್ಟೆ. ಟರ್ಬೋ ಸೀಟಿ ಹೊಡೆಯಿತು. ಬೋಟು ಮೂತಿ ಎತ್ತಿತು. ದಂಡೆ ಹಿಂದಕ್ಕೆ ಓಡಿತು. ಅಣ್ಣ ಎಣಿಸಿದ್ದ ಹಾಗೇ ಆಗುತ್ತಿದೆ ಅಂದುಕೊಂಡೆ. ಖುಷಿ ಆಯಿತೆಂದು ಹೇಳಲಾರೆ.

ಆಮೇಲೆ ಒಳಗೆ ಕಿರ್ರೆಂದಿತು. ಕಪ್ಪು ಹೊಗೆ ಬಂತು, ಮೂತಿ ಕೆಳಗಿಳಿಯಿತು. ಎಂಜಿನ್ ಬಂದ್ ಮಾಡಿದೆ. ಹಲಗೆಯಿಂದ ನೀರು ಒತ್ತುತ್ತಾ ದಂಡೆಗೆ ಬಂದು ಮುಚ್ಚಳ ತೆಗೆದರೆ ಹಾರವಿಲ್ಲ. ಬಾಯಲ್ಲಿ ಒಂದು ಗೇಣು ದಾರ ಜೋತಾಡುತ್ತಿತ್ತು. ಅದನ್ನು ಎಳೆದು ಜೇಬಿಗೆ ಹಾಕಿಕೊಂಡೆ.

ಹಿಂದಿನಿಂದ ಯಾರೋ ಮರಾಠಿಯಲ್ಲಿ, ಹಾರ ಯಾರು ಹಾಕಬೇಕು ಯಾರು ಹಾಕಬಾರದು ಅನ್ನುವುದು ಸುಮ್ಮನೆ ಬಂದದ್ದಲ್ಲ ಅಂದರು. ವೈನಿ ಸೆರಗು ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ಟರ್ಬೋದ ಒಳಗಿನ ನಟ್ಟು ನಾ ಸರಿ ಬಿಗಿದಿದ್ದಿಲ್ಲರಿ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಂದs ತಪ್ಪು."

ಚಾಚಾ ನನ್ನ ಮುಖ ನೋಡಿದರು, ಆಮೇಲೆ ನನ್ನ ಜೇಬು ನೋಡಿದರು. "ನಂದೂ ಐತ್ರಿ ಸಾವ್ಕಾರ್ರ. ವೆಲ್ಡಿಂಗ್ ಒಂದಿಷ್ಟ ಕಚ್ಚಾ ಇತ್ತು."

ಸಾವ್ಕಾರರು ಒದ್ದೆಯಾದ ಧೋತರ ಹಿಂಡಿದರು. "ನಿಮ್ಮಣ್ಣ ಇದ್ದಿದ್ರ ಹಿಂಗ ಆಗತಿದ್ದಿಲ್ಲ."

"ಖರೇ ಐತ್ರಿ," ಅಂದೆ.

ಅವರು ನಮ್ಮ ಎಂಜಿನ್ ಇಳಿಸಿ ಗೋವಾದಿಂದ ಬೇರೆ ಮಷೀನು ತರಿಸಿದರು. ಅಣ್ಣನ ಕೈ ತಮ್ಮನಿಗೆ ಬರಲಿಲ್ಲ ಅನ್ನುವ ಮಾತು ಬೆಳಗಾವಿಗೂ ಬಂತು. ಕೆಲವು ಹಳೆಯ ಲಾರಿಗಳು ಬೇರೆ ಗ್ಯಾರೇಜು ಹಿಡಿದವು. ಬೇರೆ ದಿನವಾಗಿದ್ದರೆ ಅಂಥ ಮಾತಿಗೆ ಪಾನಾ ಎತ್ತುತ್ತಿದ್ದೆ. ಆಗ ಏನೂ ಅನ್ನಿಸಲಿಲ್ಲ.

ಟರ್ಬೋ ಬಿಚ್ಚಿದ ದಿನ ವೈನಿ ಚಹಾ ತಂದರು. ಚಕ್ರದ ಎಸಳುಗಳು ಮುದುರಿದ್ದವು, ಅವುಗಳ ನಡುವೆ ಚೆಂಡುಹೂವು ಅರಿಷಿಣದ ಹಾಗೆ ಅರೆದು ಕೂತಿತ್ತು. ಮುಚ್ಚಿಡಲು ಹೊತ್ತು ಸಿಗಲಿಲ್ಲ. ಅವರು ಬಾಗಿಲಲ್ಲಿ ನಿಂತೇ ನೋಡಿದರು. ಗ್ಯಾರೇಜಿನ ಬೆನ್ನಿಗೆ ಅಷ್ಟು ವರ್ಷ ಬಾಳಿದವರು.

"ನಟ್ಟು ಬಿಗೀನs ಐತಲ್ಲ," ಅಂದರು.

ನಾನು ಚಹಾ ಕುಡಿದೆ. ಅವರು ಕಪ್ಪು ತೆಗೆದುಕೊಂಡು ಹೋದರು. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಲಾರಿ ಎಂಜಿನ್ ಕಟ್ಟಿ ಮುಗಿಸಿ, ಚಾಲೂ ಮಾಡಲು ಬಗ್ಗಿದ್ದೆ. "ನಿಂದರು," ಅಂದಿತು ಹಿಂದಿನಿಂದ ದನಿ. ವೈನಿ ಹೊಸ್ತಿಲು ದಾಟಿ ಒಳಗೆ ಬಂದಿದ್ದರು. ಕೈಯಲ್ಲಿ ಕುಂಕುಮದ ಬಟ್ಟಲು, ಹಾರ. ಎಂಜಿನ್ನಿನ ಸುತ್ತ ಒಂದು ಸಲ ತಿರುಗಿ ನೋಡಿದರು.

"ಇದರ ಬಾಯಿ ಎಲ್ಲೈತಿ? ಮೊದಲ ಅದನ್ನ ತೋರಸು."

ತೋರಿಸಿದೆ. ಅವರು ಆ ಕಡೆ ಬಿಟ್ಟು ಈ ಕಡೆ ಹಾರ ಹಾಕಿದರು.