ಕೋದಂಡಪ್ಪನ ನಾಲ್ಕು ಬೆರಳು

ಮಲೇರಿಯಾ ಇಲಾಖೆಯ ಕೋದಂಡಪ್ಪ ಯಾರದೇ ಹೊಟ್ಟೆ ಮುಟ್ಟುವ ಮುಂಚೆ ಅಂಗೈಗಳನ್ನು ಪಂಚೆಗೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ತಣ್ಣನೆಯ ಕೈ ತಗುಲಿದರೆ ಮಕ್ಕಳು ಹೊಟ್ಟೆ ಬಿಗಿ ಹಿಡಿಯುತ್ತವೆ, ಆಗ ಒಳಗಿನ ಗುಲ್ಮ ಕೈಗೆ ಸಿಗುವುದಿಲ್ಲ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳನ್ನು ಮಲಗಿಸಿ, ಎಡಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಉಸಿರೆಳೆಯಲು ಹೇಳುವುದೇ ಅವನ ಕೆಲಸ. ಚಳಿಜ್ವರ ಬಂದವರ ಗುಲ್ಮ ಊದಿ ಪಕ್ಕೆಲುಬು ದಾಟಿ ಇಳಿದಿರುತ್ತದೆ. ಜ್ವರಗಡ್ಡೆ ಎಂದು ನಾವು ಅದಕ್ಕೆ ಬರೆ ಹಾಕಿಸುತ್ತಿದ್ದೆವು. ಕೋದಂಡಪ್ಪನ ಮಗಳ ಹೊಟ್ಟೆಯ ಮೇಲೂ ಅಂಥ ಎರಡು ಬರೆ ಇದ್ದವು. ಐದನೇ ವಯಸ್ಸಿಗೆ ತೀರಿಹೋದಳು. ಅವನು ಈ ಕೆಲಸಕ್ಕೆ ಸೇರಿದ್ದು ಆಮೇಲೆ.

ನಮ್ಮೂರಲ್ಲೇ ಇದ್ದ ನನ್ನ ತಂಗಿ ಮುತ್ಯಾಲಮ್ಮನ ಗಂಡ ಅಶ್ವತ್ಥಪ್ಪನಿಗೆ ಚಿನ್ನದ ಗಣಿಯಾದ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ. ಅದಕ್ಕೂ ಮುಂಚೆ ಭದ್ರಾ ಅಣೆಕಟ್ಟಿನ ಕೂಲಿಗೆ ಹೋಗಿ ಚಳಿಜ್ವರ ಹತ್ತಿಸಿಕೊಂಡು ಬಂದಿದ್ದ. ೧೯೫೭ರಲ್ಲಿ ಒಂದು ದಿನ ಕೋದಂಡಪ್ಪ ಅವನ ಪಕ್ಕೆಲುಬಿನ ಕೆಳಗೂ ನಾಲ್ಕು ಬೆರಳು ಇಟ್ಟು ಅಳೆದು ನೋಡಿದ.

"ನಾಕು ಬೆಟ್ಟು ಇಳಿದದೆ. ನೆಂದ ಕಾಗದದ ಚೀಲ ಇದ್ದಂಗೆ ಕಣಪ್ಪ. ಗುದ್ದಾಟ ಗಿದ್ದಾಟ ಬ್ಯಾಡ."

"ಗುದ್ದಾಟಕ್ಕೆ ನಮ್ ಬಾವ ಅವ್ರೆ, ನಾನ್ಯಾಕೆ?" ಎಂದು ಅಶ್ವತ್ಥಪ್ಪ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ.

ತಿಂಗಳು ಕಳೆದು, ಸೊಳ್ಳೆ ಸಾಯಲೆಂದು ಗೋಡೆಗಳಿಗೆ ಡಿಡಿಟಿ ಹೊಡೆಯುವವರು ಊರಿಗೆ ಬಂದರು. ನಾನಿಲ್ಲದಾಗ ಅಶ್ವತ್ಥಪ್ಪ ಅವರನ್ನು ನನ್ನ ಮನೆಯೊಳಗೆ ಬಿಟ್ಟ. ಹೊಸದಾಗಿ ಸುಣ್ಣ ಬಳಿದ ಗೋಡೆಯ ತುಂಬಾ ಪಟ್ಟೆ ಎದ್ದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಶ್ವತ್ಥಪ್ಪನನ್ನು ಒದ್ದೆ. ಅಂಥ ಜೋರಾದ ಒದೆಯಲ್ಲ, ಎಡಪಕ್ಕೆಗೆ ತಗುಲಿತು. ಅವನು ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಎಡಭುಜ ಕಿತ್ತು ಬರುತ್ತಿದೆ ಎಂದ. ಭುಜ ಜಾರಿದೆ ಎಂದುಕೊಂಡು ಮೂಳೆ ಕಟ್ಟುವ ಸೊಣ್ಣಪ್ಪನನ್ನು ಕರೆಸಿದೆವು. ಅವನು ಎಣ್ಣೆ ತಿಕ್ಕಿ ತೋಳು ಎಳೆಯುವುದರಲ್ಲಿದ್ದ. ಆಗ, ಡಿಡಿಟಿಯವರ ಜೊತೆ ಊರಿಗೆ ಬಂದಿದ್ದ ಕೋದಂಡಪ್ಪ ಸುದ್ದಿ ಕೇಳಿ ಬಂದ.

"ಎಲ್ಲಿಗೆ ಬಿತ್ತು ಏಟು?"

"ಪಕ್ಕೆಗಣ್ಣ," ಎಂದಳು ಮುತ್ಯಾಲಮ್ಮ.

"ಪಕ್ಕೆಗೆ ಬಿದ್ದು ಭುಜ ನೋಯ್ತದಾ? ಲೇ ಸೊಣ್ಣಪ್ಪ, ಕೈ ತೆಗೀಲಾ! ಗಡ್ಡೆ ಒಡೆದು ಒಳಗೆ ರಕ್ತ ಸೋರ್ತಾ ಅದೆ. ಅದರ ನೋವು ಭುಜದಾಗೆ ಕಾಣ್ತದೆ."

ಗಾಡಿ ಕುಲುಕುತ್ತದೆಂದು ಮಂಚದ ಸಮೇತ ಅವನನ್ನು ಬಂಗಾರಪೇಟೆ ಸ್ಟೇಷನ್ನಿಗೆ ಹೊತ್ತೆವು. ಗಣಿ ಆಸ್ಪತ್ರೆ ಕಡೆ ಹೋಗುವ ರೈಲು ಕಾಯುವಾಗ ನಾನು ಕೋದಂಡಪ್ಪನನ್ನು ಪಕ್ಕಕ್ಕೆ ಕರೆದೆ.

"ಅಟ್ಟದಿಂದ ಬಿದ್ದ ಅನ್ನಾನ. ಇಲ್ದಿದ್ರೆ ನನ್ನ ಜೈಲಿಗೆ ಆಕ್ತಾರೆ."

"ಬಿದ್ದ ಅಂದ್ರೆ ಮೂಳೆ ಉಡುಕ್ತಾರೆ. ಅಷ್ಟರಾಗೆ ಓಗ್ಬಿಡ್ತಾನೆ. ಒದ್ದೋನು ನೀನು, ನೀನೇ ಯೋಳು."

"ನಿನ್ನೂ ಒದ್ದುಬಿಡ್ತೀನಿ!"

"ಒದಿ. ನನ್ನ ಗಡ್ಡೆ ಇಳಿದಿಲ್ಲ."

ಗಣಿ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ಬೆವರಿ ಬಿಳಿಚಿಕೊಂಡಿದ್ದ ಅಶ್ವತ್ಥಪ್ಪ, "ಬಿದ್ದೆ ಸ್ವಾಮಿ," ಎಂದ. ಅಂಥ ಹೊತ್ತಿನಲ್ಲೂ ನನ್ನನ್ನು ಉಳಿಸಲು ನೋಡಿದ. ಕೋದಂಡಪ್ಪ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸ್ವಾಮಿ," ಎಂದೆ. "ನಾನು ಒದ್ದೆ. ಎಡಪಕ್ಕೆಗೆ. ಜ್ವರಗಡ್ಡೆ ನಾಕು ಬೆಟ್ಟು ಇಳಿದಿತ್ತು."

ಡಾಕ್ಟರು ಹೊಟ್ಟೆ ಒಂದು ಸಲ ಮುಟ್ಟಿ ನೋಡಿ, ಆಗಲೇ ಒಳಗೆ ಕೊಂಡೊಯ್ದರು. ಗುಲ್ಮವನ್ನು ತೆಗೆಯಬೇಕು ಎಂದರು.

"ಅದು ಇಲ್ದೆ ಮನುಷ್ಯ ಬದುಕ್ತಾನಾ?" ಎಂದು ಹೊರಗೆ ಕಲ್ಲುಬೆಂಚಿನ ಮೇಲೆ ಕೋದಂಡಪ್ಪನನ್ನು ಕೇಳಿದೆ.

"ಬದುಕ್ತಾನೆ. ಅದು ರಕ್ತದ ಜರಡಿ. ಅಳೇ ರಕ್ತ ಸೋಸ್ತದೆ, ರಕ್ತದಾಗಿನ ರೋಗ ಇಡೀತದೆ. ಕತ್ತು, ಕಂಕುಳು, ತೊಡೆಸಂದಿನಾಗೆ ಅವರೆಕಾಳಿನಂಗೆ ಗಂಟವೆ, ಅವೂ ಕಾವಲೇ. ಕಾವಲಾಳುಗಳು ಉಟ್ಟೋದು ಮೂಳೆ ಒಳಗಿನ ನೆಣದಾಗೆ. ಒಬ್ಬ ಓದ್ರೆ ಮಿಕ್ಕೋರು ಕೆಲಸ ಅಂಚ್ಕೊಂತಾರೆ. ಆದ್ರೆ ದೊಡ್ಡ ಕಾವಲು ಓಯ್ತಲ್ಲ, ಸಣ್ಣ ಜ್ವರಾನೂ ಬೆಂಕಿ ಆಗ್ತದೆ. ಜ್ವರ ಬಂದ ದಿನಾನೇ ಇಲ್ಲಿಗೆ ಕರ್ಕೊಂಡು ಬರ್ಬೇಕು. ನೀನೇ ಬರ್ಬೇಕು."

ಅಶ್ವತ್ಥಪ್ಪ ಉಳಿದ. ಪೊಲೀಸರು ಕೇಳಿದಾಗ ದೂರು ಕೊಡುವುದಿಲ್ಲ ಎಂದ.

ಕೋದಂಡಪ್ಪ ೧೯೬೪ರಲ್ಲಿ ತೀರಿಕೊಂಡ. ಅಲ್ಲಿಯತನಕ ನಮ್ಮೂರಿಗೆ ಬಂದಾಗಲೆಲ್ಲ ಮೊದಲು ನನ್ನ ಮನೆ ಬಾಗಿಲಿಗೆ ಬಂದು, "ಜ್ವರ ಬಂದಿತ್ತಾ? ಕರ್ಕೊಂಡು ಓದ್ಯಾ?" ಎಂದು ಕೇಳುತ್ತಿದ್ದ. ಏಳು ವರ್ಷದಲ್ಲಿ ಹನ್ನೊಂದು ಸಲ ಕರೆದುಕೊಂಡು ಹೋಗಿದ್ದೆ. ಈಗ ಕೇಳುವವರಿಲ್ಲ. ಆದರೂ ಗಂಡನ ಹಣೆ ಬಿಸಿ ಎಂದು ಮುತ್ಯಾಲಮ್ಮ ಹೇಳಿ ಕಳಿಸಿದರೆ, ಉಣ್ಣುತ್ತಿದ್ದರೂ ಎದ್ದು ಹೋಗುತ್ತೇನೆ.